ದೊಡ್ಡಪ್ಪನ ಕೋಟಿನ ಕೊಳೆ

ಬೆರಳಿಗೆ ಉಗುಳು ಹಚ್ಚಿಕೊಂಡು ಪುಟ ತಿರುಗಿಸುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಹಳೆಯ ಪುಸ್ತಕ, ಪತ್ರಿಕೆಗಳಲ್ಲಿರುವ ಚಿತ್ರಗಳನ್ನು ಸ್ಕ್ಯಾನ್ ಮಾಡಿಕೊಡುವುದು ನನ್ನ ಕೆಲಸ. ಅಂಗಡಿಗೆ ಬರುವ ಪುಟಗಳ ಮೇಲೆ ಏನೇನು ಅಂಟಿರುತ್ತದೆ ಎಂದು ಹೇಳಿದರೆ ನೀವು ಊಟ ಬಿಡುತ್ತೀರಿ. ಆದರೂ ಸ್ಕ್ಯಾನರಿನ ಗಾಜು ಒರೆಸಿಕೊಂಡು ಸುಮ್ಮನಿರುತ್ತೇನೆ. ಅಣ್ಣ, ಅಂದರೆ ನಮ್ಮ ದೊಡ್ಡಪ್ಪನ ಮಗ, ನನ್ನ ಮೇಜಿನ ಮುಂದೆ ಕೂತು ಹೆಬ್ಬೆರಳನ್ನು ನಾಲಿಗೆಗೆ ಒತ್ತಿದಾಗಲೂ ಗಾಜನ್ನೇ ಒರೆಸಿದೆ.

ಅವನು ತಂದದ್ದು ಒಂದು ಕಾರ್ಖಾನೆಯ ಹಳೆಯ ವಾರ್ಷಿಕ ಸಂಚಿಕೆ. ದೊಡ್ಡಪ್ಪ ಅಲ್ಲಿ ಮ್ಯಾನೇಜರ್ ಆಗಿದ್ದರು. ಬಿಳಿ ಕೋಟು, ಕಪ್ಪು ಟೈ, ಎದೆಯ ಮೇಲೆ ಪದಕ, ಪುಟದ ತುಂಬ ಅವರೇ. ಅದನ್ನು ಆಳೆತ್ತರ ಮಾಡಿಸಿ ಹೊಸ ಮನೆಯ ಹಾಲ್‌ನಲ್ಲಿ ತೂಗುಹಾಕಬೇಕಂತೆ. ಅವರು ಬದುಕಿದ್ದಾಗ ಒಂದು ಲೋಟ ನೀರು ಕೊಡಲು ಮುಖ ಸಿಂಡರಿಸುತ್ತಿದ್ದವನು ಇವನೇ.

ಹೇಗೆ ಬರುತ್ತದೆ ನೋಡೋಣ ಎಂದು ಒಂದು ಸಲ ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಉಳಿಸಿ, ಪರದೆಯ ಮೇಲೆ ತೋರಿಸಿದೆ.

“ಏನಿದು, ಅಪ್ಪನ ಕೋಟಿನ ಮೇಲೆಲ್ಲ ಕೊಳೆ?” ಎಂದ.

“ಕೊಳೆ ಅಲ್ಲಣ್ಣ. ಕಾಗದ ತೆಳು, ಹಿಂದಿನ ಪುಟದ್ದು ಈಚೆ ಕಾಣ್ತಿದೆ. ಹಿಂದೆ ಒಂದು ಕಪ್ಪು ಹಾಳೆ ಇಟ್ರೆ ಹೋಗುತ್ತೆ,” ಎನ್ನುತ್ತ ಪುಟ ತಿರುಗಿಸಿದೆ.

ಹಿಂದಿನ ಪುಟದಲ್ಲಿ ನನ್ನ ಅಮ್ಮ ಇದ್ದಳು.

ಪ್ಯಾಕಿಂಗ್ ವಿಭಾಗದ ಹೆಂಗಸರ ಹಗ್ಗಜಗ್ಗಾಟ. ಎಲ್ಲರಿಗಿಂತ ಮುಂದೆ ಅಮ್ಮ, ಹಿಮ್ಮಡಿ ಊರಿ, ಬಾಯಿ ತುಂಬ ನಗುತ್ತಿದ್ದಾಳೆ. ಅವಳು ಅಲ್ಲಿ ದುಡಿದದ್ದು ಗೊತ್ತಿತ್ತು, ಈ ಚಿತ್ರ ಗೊತ್ತಿರಲಿಲ್ಲ. ಅವಳು ಹೋದ ಮೇಲೆ ನನ್ನ ಹತ್ತಿರ ಉಳಿದದ್ದು ಗುರುತಿನ ಚೀಟಿಯ ಫೋಟೊ ಒಂದೇ. ಅದರಲ್ಲಿ ಪೊಲೀಸರಿಗೆ ಸಿಕ್ಕಿಬಿದ್ದವಳ ಹಾಗೆ ಕೂತಿದ್ದಾಳೆ. ನಗುವಾಗ ಅಮ್ಮ ಹೇಗೆ ಕಾಣುತ್ತಿದ್ದಳು ಎಂಬುದೇ ನನಗೆ ಮರೆಯುತ್ತ ಬಂದಿತ್ತು.

“ಓ, ಚಿಕ್ಕಮ್ಮ,” ಎಂದ ಅಣ್ಣ. “ಬಾಯಿ ನೋಡು, ಒಳಗೆ ಲಾರಿ ಹೋಗುತ್ತೆ.”

“ಮೊದಲು ಇದನ್ನ ತೆಗೀತೀನಿ,” ಎಂದು ಪುಟವನ್ನು ಗಾಜಿನ ಮೇಲೆ ಇಡುವಷ್ಟರಲ್ಲಿ ಕರೆಂಟು ಹೋಯಿತು. ಫೋನಿನಲ್ಲಿ ಫೋಟೊ ತೆಗೆಯುವ ಕಾಲ ಇನ್ನೂ ಬಂದಿರಲಿಲ್ಲ. ಕಾದೆವು, ಕರೆಂಟು ಬರಲಿಲ್ಲ. ಸಂಚಿಕೆ ಬಿಟ್ಟುಹೋಗು ಎಂದು ಗೋಗರೆದೆ. ಅಪ್ಪನ ವಸ್ತುವನ್ನು ಕಂಡಕಂಡವರ ಹತ್ತಿರ ಬಿಡುವುದಿಲ್ಲ ಎಂದ. ಆಸ್ಪತ್ರೆಯಲ್ಲಿ ಅಪ್ಪನನ್ನೇ ವಾರಗಟ್ಟಲೆ ಕಂಡಕಂಡವರ ಹತ್ತಿರ ಬಿಟ್ಟಿದ್ದ.

“ಹಾಗಾದ್ರೆ ನಾಳೆ ತಪ್ಪದೆ ತಾ. ಅಮ್ಮನ ಚಿತ್ರಾನೂ ತೆಗೀಬೇಕು.”

“ಹೂಂ, ಹೂಂ,” ಎಂದು ಚಪ್ಪಲಿ ಮೆಟ್ಟಿಕೊಂಡ.

ಮರುದಿನ ಅವನ ಕೈಯಲ್ಲಿ ಸಂಚಿಕೆ ಇರಲಿಲ್ಲ. ಒಂದು ಕಪ್ಪು ರಟ್ಟು ಇತ್ತು. ರಟ್ಟಿನ ಮೇಲೆ ದೊಡ್ಡಪ್ಪ.

“ನಿನಗೆ ಕೆಲಸ ಕಮ್ಮಿ ಮಾಡಿದ್ದೀನಿ ನೋಡು,” ಎಂದ. “ಕಪ್ಪು ಹಾಳೆ ಇಡಬೇಕು ಅಂದ್ಯಲ್ಲ, ಪುಟ ಕಿತ್ತು ಅಂಟಿಸೇಬಿಟ್ಟೆ. ಮರಗೆಲಸದವರ ಗೋಂದು, ಜಪ್ಪಯ್ಯ ಅಂದ್ರೂ ಬಿಡಲ್ಲ. ಸುಕ್ಕಾಯ್ತು ಅಂತ ಇಸ್ತ್ರಿ ಬೇರೆ ಹೊಡೆದೆ.”

ಗೋಂದಿನ ಹುಳಿ ವಾಸನೆ ಮೂಗಿಗೆ ಬಡಿಯಿತು. “ಹಿಂದೆ ಅಮ್ಮ ಇದ್ದಳಲ್ಲ,” ಎಂದೆ.

“ಎಲ್ಲಿಗೆ ಹೋದಾಳು? ಒಳಗಡೆ ಇದ್ದಾಳೆ,” ಎಂದು ನಕ್ಕ.

ಉಗುರಿನಿಂದ ಒಂದು ಮೂಲೆ ಎಬ್ಬಿಸಿ ನೋಡಿದೆ. ಅಚ್ಚೆಲ್ಲ ರಟ್ಟಿಗೆ ಅಂಟಿಕೊಂಡು, ಕಾಗದ ಹತ್ತಿಯಂತೆ ಹಿಂಜಿಕೊಂಡು ಬಂತು. “ಏಯ್, ಅಪ್ಪನ ಚಿತ್ರ ಹರಿಯುತ್ತೆ,” ಎಂದು ನನ್ನ ಕೈ ತಳ್ಳಿದ. ಇನ್ನೊಂದು ಪ್ರತಿ ಹುಡುಕೋಣವೆಂದರೆ ಕಾರ್ಖಾನೆ ಮುಚ್ಚಿ, ಅದರ ಕಾಗದವೆಲ್ಲ ಎಂದೋ ರದ್ದಿಗೆ ಹೋಗಿತ್ತು.

ಸ್ಕ್ಯಾನ್ ಮಾಡಿದೆ. ಅಚ್ಚಿನ ಚುಕ್ಕಿಗಳನ್ನು ಕಂಪ್ಯೂಟರಿನಲ್ಲಿ ಕರಗಿಸಿದೆ. ಕೋಟಿನ ಮೇಲೆ ಒಂದು ಕಲೆ ಇಲ್ಲದೆ, ಹಾಲಿನಷ್ಟು ಬೆಳ್ಳಗೆ ಬಂತು. ಅಷ್ಟು ಚೆನ್ನಾಗಿ ಬಂದದ್ದೇ ನನಗೆ ಇವತ್ತಿಗೂ ಹೇಸಿಗೆ.

“ಇದಪ್ಪಾ ಚಿತ್ರ ಅಂದ್ರೆ,” ಎಂದ ಅಣ್ಣ. “ನಿನ್ನೆ ತೆಗೆದ ಆ ಗಲೀಜನ್ನ ಅಳಿಸಿಬಿಡು. ಯಾರಾದ್ರೂ ನೋಡಿದ್ರೆ ಮರ್ಯಾದೆ ಹೋಗುತ್ತೆ.” ಹೆಬ್ಬೆರಳಿಗೆ ಉಗುಳು ಹಚ್ಚಿ, ನಾನು ಎಬ್ಬಿಸಿದ್ದ ಮೂಲೆಯನ್ನು ಒತ್ತಿ ಕೂರಿಸಿದ.

ಅವನು ಮೆಟ್ಟಿಲು ಇಳಿಯುವ ಮೊದಲೇ ನಿನ್ನೆಯ ಗಲೀಜನ್ನು ತೆರೆದೆ. ಹಿಂದಿನ ಪುಟದಿಂದ ಮೂಡಿ, ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿದ್ದುದನ್ನು ಸರಿಯಾಗಿ ತಿರುಗಿಸಿದೆ. ಆಮೇಲೆ ದೊಡ್ಡಪ್ಪನನ್ನು ಒರೆಸತೊಡಗಿದೆ. ಪದಕ ಹೋಯಿತು. ಗುಂಡಿಗಳು ಹೋದವು. ಜೇಬು ಹೋಯಿತು. ಕಪ್ಪಿದ್ದ ಕಡೆ ಏನೂ ಸಿಗಲಿಲ್ಲ. ಬಿಳಿ ಕೋಟಿನ ಅಗಲದಷ್ಟು ಅಮ್ಮ ಸಿಕ್ಕಳು, ಬೂದಿಯ ಬಣ್ಣದಲ್ಲಿ. ಹಗ್ಗ ಹಿಡಿದ ಕೈಗಳಿವೆ. ಟೈ ಬಿದ್ದಲ್ಲಿ ಒಂದು ಕಣ್ಣಿಲ್ಲ. ನಗು ಪೂರ್ತಿ ಇದೆ.