ನಾಲಾದಿಂದ ಕಸಿದ ನಾಲ್ಕು ಅಡಿ

ಎರಡು ಸಾವಿರದ ಐದನೆಯ ಇಸವಿ, ಮೇ ತಿಂಗಳ ಕೊನೆ. ಸಂಜೆ ಐದಾದರೂ ಬಿಸಿಲು ಇಳಿದಿರಲಿಲ್ಲ. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ, ಸಮುದ್ರದ ನೀರು ಒಳಬರುವ ಖಾಡಿಯ ಕಡೆಗಿರುವ ನಮ್ಮ ಚಾಳಿನ ಸಾಲುಮನೆಗಳ ಹಿಂದೆ, ಕೊಳಚೆ ನೀರು ಹರಿಯುವ ನಾಲಾದ ದಂಡೆಗೆ ನಾನು ಕೈಗಾಡಿ ಬಗ್ಗಿಸುತ್ತಿದ್ದೆ. ಗಾಡಿ ತುಂಬ ಒಡೆದ ಇಟ್ಟಿಗೆ, ಕಾಂಕ್ರೀಟ್ ಚೂರು. ನಾನು ಗಾರೆ ಕೆಲಸದ ಗವಂಡಿ; ಕಟ್ಟಡ ಕೆಡವಿದ ಕಡೆ ಅವು ಪುಕ್ಕಟೆ ಸಿಗುತ್ತಿದ್ದವು. ನನ್ನ ಹೆಂಡತಿ ಸುಲೋಚನಾ ದಿನಾ ಹೊರಗೆ ಸೀರೆ ಮರೆ ಕಟ್ಟಿಕೊಂಡು ಸ್ನಾನ ಮಾಡುತ್ತಿದ್ದಳು. ನಾಲಾವನ್ನು ನಾಲ್ಕು ಅಡಿ ತುಂಬಿಸಿ, ಅವಳಿಗೊಂದು ಬಚ್ಚಲು ಕಟ್ಟಬೇಕೆಂಬುದು ನನ್ನ ಆಸೆ.

ಎದುರು ದಂಡೆಯಲ್ಲಿ ಬಾಲಮ್ಮನ ಒಂದೇ ಕೋಣೆಯ ಖೋಲಿ. ಅವಳೂ ನಮ್ಮ ಕಲಬುರಗಿ ಕಡೆಯವಳು. ಗಂಡ ಮಾಪಣ್ಣ ಹಮಾಲಿ. ಅವಳು ಖಾಲಿ ಚೀಲಗಳನ್ನು ನಾಲಾದಲ್ಲಿ ತೊಳೆದು ಉಲ್ಹಾಸನಗರದ ಅಂಗಡಿಗಳಿಗೆ ಕೊಡುತ್ತಿದ್ದಳು.

"ಅಣ್ಣಾ, ನಾಲಾದಾಗ ಯಾಕ್ ಹಾಕ್ಲತ್ತೀರಿ? ನೀರಿನ ದಾರಿ ಸಣ್ಣ ಆಗ್ತದ," ಎಂದಳು ಬಾಲಮ್ಮ.

"ಆಗ್ಲಿ ಬಿಡವ್ವ. ಈ ಗಟಾರಕ್ಕ ಏನ್ ಹೊಳಿ ಬರ್ತದೇನು?"

"ದಿನಾ ಇದರಾಗ ನಿಂತು ಚೀಲ ತೊಳಿಯಾಕಿ ನಾನು. ಸಮುದ್ರ ಉಕ್ಕಿ ಭರತಿ ಬಂದಾಗ ಖಾಡಿ ನೀರು ಹಿಂದಕ್ಕ ಏರಿ ಬರ್ತದ. ಅದೇ ಹೊತ್ತಿಗಿ ಮಳಿ ಜೋರ್ ಹಿಡೀತಂದ್ರ ಆ ನೀರಿಗಿ ಜಾಗ ಬ್ಯಾಡೇನ್ರಿ? ನಿಮ್ಮ ಕಡಿ ಜಾಗ ಸಿಗಲಿಲ್ಲಂದ್ರ ನಮ್ಮ ಕಡಿ ನುಗ್ತದ."

"ನೀ ಚೀಲ ತೊಳಿಯಾಕಿಯೋ, ಇಂಜಿನಿಯರೋ?"

ನಾನು ನಕ್ಕೆ. ಒಳಗಿದ್ದ ಮಾಪಣ್ಣನೂ ನಕ್ಕ. ಅವಳು ನಗಲಿಲ್ಲ.

ಮಳೆಗಾಲಕ್ಕೆ ಮೊದಲೇ ಬಚ್ಚಲು ಕಟ್ಟಿ ಮುಗಿಸಿದೆ. ಅದನ್ನು ನೋಡಿ ನಮ್ಮ ಸಾಲಿನ ಆರು ಮನೆಯವರು ಹಾಗೆಯೇ ತುಂಬಿಸಿಕೊಂಡರು. ಉಳಿದ ದಾರಿಗೆ ಪ್ಲಾಸ್ಟಿಕ್ ಸಿಕ್ಕಿಕೊಂಡಿತು. ಅದನ್ನು ಎಸೆದವರೂ ನಾವೇ.

ಜುಲೈ ಇಪ್ಪತ್ತಾರು, ಮಂಗಳವಾರ. ಮಧ್ಯಾಹ್ನ ಹಿಡಿದ ಮಳೆ ಬಿಡಲಿಲ್ಲ. ಅದೇ ಹೊತ್ತಿಗೆ ಭರತಿ. ನಾಲಾ ಹಿಂದಕ್ಕೆ ಹರಿಯಿತು. ನಾನು ಎತ್ತರಿಸಿದ ದಂಡೆಗೆ ಬಡಿದ ನೀರು ಎದುರು ದಂಡೆಗೆ ನುಗ್ಗಿತು. ನನ್ನ ಬಚ್ಚಲಿಗೆ ಒಂದು ಬಿರುಕೂ ಬರಲಿಲ್ಲ. ಬಾಲಮ್ಮನ ಹಿಂಗೋಡೆ ಮಾತ್ರ ಮಾಪಣ್ಣನ ಕಾಲ ಮೇಲೆ ಕುಸಿಯಿತು. ಹಗ್ಗ ಹಿಡಿದು ಹೋಗಿ ಅವನನ್ನು ಎಳೆದು ತಂದೆವು. ಜೀವ ಉಳಿಯಿತು. ಆದರೆ ಆ ಕಾಲಿನಲ್ಲಿ ಇನ್ನು ಮೂಟೆ ಹೊರುವ ಹಾಗಿರಲಿಲ್ಲ.

ನೀರು ಇಳಿದ ಮೇಲೆ ಬಾಲಮ್ಮನ ಹತ್ತಿರ ಹೋದೆ. ಬೈಯುತ್ತಾಳೆ ಎಂದುಕೊಂಡಿದ್ದೆ. "ಹೇಳಿದ್ನಲ್ರೀ ಅಣ್ಣಾ," ಎಂದಳು, ಅಷ್ಟೇ.

ಮನೆಗೆ ಬಂದರೆ ಸುಲೋಚನಾ ಹಾರೆ ತಂದು ಕೈಗಿಟ್ಟಳು. "ಸೀರಿ ಮರಿಯಾಗೇ ಜಳಕ ಮಾಡ್ತೀನಿ. ಒಡೀರಿ ಅದನ್ನ." ಒಡೆದೆ. ಚೂರುಗಳನ್ನೆಲ್ಲ ಗಾಡಿಯಲ್ಲಿ ದೂರ ಸಾಗಿಸಿದೆ. ಆರು ಮನೆಯವರಲ್ಲಿ ನಾಲ್ವರು ನನ್ನ ಜೊತೆಗೂಡಿದರು. ಇಬ್ಬರು ಇಂದಿಗೂ ಒಡೆದಿಲ್ಲ.

ನಿಮ್ಮ ಮನೆ ಪಕ್ಕ ನಾಲಾ ಇದ್ದರೆ ಅದರ ಜಾಗ ಅದಕ್ಕೆ ಬಿಡಿ. ಕಲ್ಲು, ಕಸ ಹಾಕಬೇಡಿ. ಮಳೆಗಾಲದಲ್ಲಿ ಭರತಿ ಎಷ್ಟು ಗಂಟೆಗೆ ಎಂದು ದಿನವೂ ಕೇಳಿ ತಿಳಿದುಕೊಳ್ಳಿ. ಆ ಹೊತ್ತಿಗೆ ಮಳೆ ಜೋರಾದರೆ, ಸಾಮಾನು ಆಮೇಲೆ, ಮೊದಲು ಜನರನ್ನು ಎತ್ತರದ ಜಾಗಕ್ಕೆ ಕರೆದೊಯ್ಯಿರಿ. ದಿನಾ ನೀರಿನಲ್ಲಿ ನಿಲ್ಲುವವರು ಏನಾದರೂ ಹೇಳಿದರೆ, ನನ್ನ ಹಾಗೆ ನಗಬೇಡಿ.

ಪ್ರತಿ ವರ್ಷ ನಾಗರ ಪಂಚಮಿಗೆ ಊರಿಗೆ ಹೋದ ಬಾಲಮ್ಮ ನಮಗೂ ಹಬ್ಬದ ಜೋಳದ ಅಳ್ಳು, ಉಂಡಿ ಕಟ್ಟಿಕೊಂಡು ಬರುತ್ತಿದ್ದಳು. ಆ ವರ್ಷ ಪಂಚಮಿ ಕಳೆದ ಮೇಲೆ ಮಾಪಣ್ಣನನ್ನು ಕುರ್ಚಿಯಲ್ಲಿ ಕೂರಿಸಿ ನಾವೇ ಹೊತ್ತು ಸೊಲ್ಲಾಪುರದ ಬಸ್ಸಿಗೆ ಹತ್ತಿಸಿದೆವು. ಗಂಡ ಹೆಂಡತಿ ಇಬ್ಬರೂ ಊರಿಗೇ ಹೋದರು. ಅವರು ಮತ್ತೆ ಬರಲಿಲ್ಲ.