ಗುಡ್ಡದಿಂದ ಮೂರೂರಿಗೂ ಕೇಳಿಸಿದ್ದು

“ನೀನೇನು ಮಹಾರಾಣಿಯೇನೇ? ಬಾ ಅಂದ ಕೂಡ್ಲೆ ಗಂಟು ಕಟ್ಕಂಡು ಬರ್ಬೇಕು!”

ಜಯದೇವಪ್ಪ ಹೀಗೆ ಗದರಿದ್ದು ನೀರಿನ ಗಡಿಗೆಯನ್ನು. ಗುಡ್ಡದ ನೆತ್ತಿಯ ಆ ಒಂಟಿ ಕೋಣೆಯಲ್ಲಿ ಗದರಿಸಿಕೊಳ್ಳುವುದಕ್ಕೆ ಬೇರೆ ಯಾರಿದ್ದರು? ನಾಳೆ ಬದಲಿ ಆಪರೇಟರ್ ಬರುತ್ತಾನೆ. ಇವನು ಇಳಿದು ಅಜ್ಜಂಪುರಕ್ಕೆ ಹೋಗಿ, ತಮ್ಮನ ಮನೆ ಸೇರಿರುವ ಹೆಂಡತಿ ಮಲ್ಲಿಕಾಂಬಳನ್ನು ಕರೆತರಬೇಕು. ಏನೆಂದು ಕರೆಯುವುದು? ಅದಕ್ಕೇ ಗಡಿಗೆಯನ್ನು ಅವಳೆಂದುಕೊಂಡು ಮಧ್ಯಾಹ್ನದಿಂದ ತಾಲೀಮು ನಡೆದಿತ್ತು.

ಕರೆಂಟ್ ಇಲಾಖೆಯ ಆ ವೈರ್‌ಲೆಸ್ ಕೋಣೆಯ ಕೆಲಸವೇ ವಿಚಿತ್ರ. ಎಪ್ಪತ್ತೊಂಬತ್ತರ ಆ ಕಾಲದಲ್ಲಿ ಕಡೂರಿನ ಮಾತು ಅಜ್ಜಂಪುರಕ್ಕೆ ನೇರ ಮುಟ್ಟುತ್ತಿರಲಿಲ್ಲ, ಅಜ್ಜಂಪುರದ್ದು ತರೀಕೆರೆಗೆ ಮುಟ್ಟುತ್ತಿರಲಿಲ್ಲ. ಮೂರೂ ಊರಿಗೆ ಕೇಳಿಸುತ್ತಿದ್ದುದು ಈ ಗುಡ್ಡವೊಂದೇ. ಕಡೂರಿನವರು ‘ಲೈನ್ ಆಫ್ ಮಾಡಿ’ ಎಂದರೆ ಇವನು ಅದನ್ನೇ ಅಜ್ಜಂಪುರಕ್ಕೆ ಒಪ್ಪಿಸಬೇಕು, ಅವರು ‘ಆಯ್ತು’ ಎಂದರೆ ಕಡೂರಿಗೆ ‘ಆಯ್ತಂತೆ’ ಎನ್ನಬೇಕು. ಮೈಕಿನ ಗುಂಡಿ ಒತ್ತಿದರೆ ಮಾತು ಹೋಗುತ್ತದೆ, ಮುಗಿಯಿತೆಂಬುದಕ್ಕೆ ‘ಓವರ್’ ಎಂದು ಬಿಟ್ಟರೆ ಆಚೆಯವರದು ಬರುತ್ತದೆ. ಒತ್ತಿ ಹಿಡಿದಷ್ಟು ಹೊತ್ತು ಏನೂ ಕೇಳಿಸದು. ವರ್ಷಗಟ್ಟಲೆ ಬೇರೆಯವರ ಮಾತನ್ನೇ ಆಡಿ ಆಡಿ ಈ ಪುಣ್ಯಾತ್ಮನಿಗೆ ತನ್ನದೆಂಬ ಮಾತು ಮರೆತೇ ಹೋಗಿತ್ತು.

ಜಗಳಕ್ಕೂ ಈ ಮೈಕೇ ಮೂಲ. ಅಜ್ಜಂಪುರದ ಆಪರೇಟರ್ ಷಣ್ಮುಖಪ್ಪ ಮಲ್ಲಿಕಾಂಬಳ ಸ್ವಂತ ತಮ್ಮ. ಹೋದ ಕಾರ್ತಿಕದಲ್ಲಿ ಒಂದು ದಿನ ಅವನು, “ಭಾವ, ಒಂದು ವಿಷ್ಯ...” ಎಂದು ಶುರು ಮಾಡಿದ. “ಇಲ್ಲಿ ಭಾವ ಗೀವ ಅಂತಿಲ್ಲ. ಖಾಸಗಿ ಮಾತು ಆಡೋ ಹಾಗಿಲ್ಲ. ಓವರ್” ಎಂದು ಇವನು ಬಾಯಿ ಮುಚ್ಚಿಸಿದ. ಅವನು ಹೇಳಹೊರಟಿದ್ದು ಅಪ್ಪ ತೀರಿಕೊಂಡ ಸುದ್ದಿ. ಅವಮಾನವಾಗಿ ಷಣ್ಮುಖಪ್ಪ ಮತ್ತೆ ಕರೆಯಲಿಲ್ಲ, ಬಸ್ಸಿನಲ್ಲಿ ಆಳು ಕಳಿಸಿದ. ಆಳು ಬೀರೂರಿನಲ್ಲಿ ಜಯದೇವಪ್ಪನ ಮನೆ ಹುಡುಕಿ, ಮಲ್ಲಿಕಾಂಬ ಹೊರಟು ಅಜ್ಜಂಪುರ ತಲುಪುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಅಪ್ಪನ ಮುಖ ಅವಳಿಗೆ ಸಿಗಲಿಲ್ಲ. ಅಲ್ಲೇ ಉಳಿದಳು.

“ರೂಲ್ ಪ್ರಕಾರ ನಡ್ಕಂಡಿದ್ದು ತಪ್ಪಾ?” ಜಯದೇವಪ್ಪ ಗಡಿಗೆಯ ಮುಂದೆ ಕೈ ತಿರುವಿದ. “ಬರದಿದ್ರೆ ಬಿಡು! ತಮ್ಮನ ಮನೆ ಉಪ್ಪಿನಕಾಯಿ ನೆಕ್ಕಂಡು ಬಿದ್ದಿರು ಅಲ್ಲೇ!”

ಥೂ, ಇದೂ ಸರಿಹೋಗಲಿಲ್ಲ. ಹೀಗಂದರೆ ಯಾವ ಹೆಂಡತಿ ಬಂದಾಳು? ಮೇಜಿನ ಮೇಲಿದ್ದ ಬಟ್ಟೆಯ ಗಂಟನ್ನು ಎತ್ತಿ ಪಕ್ಕಕ್ಕಿಟ್ಟು ಕುಳಿತ. ದನಿ ತಾನಾಗಿಯೇ ಇಳಿಯಿತು. “ನೀನಿಲ್ದೆ ನಂಗೆ ಆಗಲ್ಲ ಕಣೇ.”

ಅಷ್ಟರಲ್ಲಿ ಸ್ಪೀಕರ್ ಗರಗುಟ್ಟಿತು. ಕಡೂರಿನ ಓಂಕಾರಮೂರ್ತಿ ನಗು ತಡೆಯಲಾರದೆ ಕೆಮ್ಮುತ್ತಿದ್ದ. “ಏನ್ ಸ್ವಾಮಿ ಗುಡ್ಡದವರೇ! ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ನಿಮ್ಮದು ಕಡೂರು ತರೀಕೆರೆ ತನಕ ಬಂತಲ್ರೀ! ಎಷ್ಟೊತ್ತಿಂದ ಕೂಗ್ತಿದೀವಿ. ಓವರ್.”

ಜಯದೇವಪ್ಪ ಮೇಜಿನತ್ತ ನೋಡಿದ. ಗಂಟು ಇದ್ದ ಜಾಗದಲ್ಲಿ ಮೈಕು ಬಿದ್ದಿತ್ತು. ಅಯ್ಯೋ ಶಿವನೇ! ಅಷ್ಟು ಹೊತ್ತೂ ಗಂಟಿನ ಭಾರಕ್ಕೆ ಗುಂಡಿ ಒತ್ತಿಕೊಂಡೇ ಇತ್ತು.

“ಗುಡ್ಡ, ಅಜ್ಜಂಪುರ ಮಾತಾಡ್ತಿರೋದು.” ಷಣ್ಮುಖಪ್ಪನ ದನಿಯಲ್ಲಿ ನಗುವಿರಲಿಲ್ಲ. “ಊಟ ತಂದಿದ್ಲು ಅಕ್ಕ. ಇಲ್ಲೇ ನಿಂತಿದಾಳೆ. ಓವರ್.”

“ಎಲ್ಲಾ ಕೇಳಿಸ್ತಾ? ಓವರ್.”

“ಉಪ್ಪಿನಕಾಯಿ ತನಕ ಕೇಳಿಸ್ತು. ಆಮೇಲೆ ಕಟ್ ಆಯ್ತು. ನಾಳೆ ಬರೋದು ಬ್ಯಾಡ ಅಂತಿದಾಳೆ. ಓವರ್.”

ಉಪ್ಪಿನಕಾಯಿ ತನಕ! ಅದರಾಚೆಯ ಆ ಒಂದು ಮಾತು ಗಡಿಗೆಯ ಪಾಲಾಗಿತ್ತು. ಅವಳು ಈಗ ಹೊಸ್ತಿಲು ದಾಟಿದರೆ ಮತ್ತೆಂದೂ ತನ್ನ ಮಾತಿಗೆ ಕಿವಿ ಕೊಡುವವಳಲ್ಲ ಎಂದು ಅವನಿಗೆ ಗೊತ್ತಿತ್ತು. ಮೈಕು ಎತ್ತಿಕೊಂಡ.

“ಷಣ್ಮುಖ, ಅವಳನ್ನ ನಿಲ್ಸು. ಕಡೂರು, ತರೀಕೆರೆ, ನೀವೂ ಕೇಳ್ರಿ, ಇದು ಖಾಸಗಿ ಮಾತು. ಬರ್ಕಂಡು ಮೇಲಿನ ಸಾಹೇಬ್ರಿಗೆ ಕಳ್ಸೋರು ಕಳ್ಸಿ. ಮಲ್ಲಿ, ಅವತ್ತು ನಿನ್ ತಮ್ಮನ ದನಿ ಅಳು ಬಂದಂಗಿತ್ತು ಕಣೇ. ನಂಗೆ ಗೊತ್ತಾಗಿತ್ತು. ಏನೋ ಕೆಟ್ಟದ್ದು ಆಗಿದೆ ಅಂತ ಗೊತ್ತಾಗಿಯೂ ಓವರ್ ಅಂದ್ಬಿಟ್ಟೆ. ಕೇಳಿದ್ರೆ ಇಳಿದು ಬರ್ಬೇಕಾಗ್ತದೆ, ಯಾರಿಗೆ ಬೇಕು ಅಂತ. ರೂಲ್ ಅಲ್ಲ, ನಿಮ್ಮಪ್ಪನ ಮುಖ ತಪ್ಸಿದ್ದು ನಾನು. ಬಾ ಅನ್ನೋಕೆ ನಂಗೆ ಮುಖ ಇಲ್ಲ. ಬಂದ್ರೆ... ಬಂದ್ರೆ ನಾನು ಬದುಕ್ತೀನಿ.”

ಹೇಳುವುದು ಅಷ್ಟೇ ಇತ್ತು. ಇನ್ನು ಓವರ್ ಎಂದು ಗುಂಡಿ ಬಿಡಬೇಕು. ಬಿಟ್ಟರೆ ಅವಳ ಉತ್ತರ ಬರುತ್ತದೆ. ಬರದೆಯೂ ಇರಬಹುದು. ಜಯದೇವಪ್ಪನ ಹೆಬ್ಬೆರಳು ಬೆಳ್ಳಗಾಗಿತ್ತು.

“ಬಿಸಿಲು ಇಳೀತಾ ಇದೆ ಇಲ್ಲಿ” ಎಂದ. ಕಿಟಕಿಯಿಂದ ಕೆಳಗೆ ನೋಡುತ್ತ, “ಬೀರೂರಿಗೆ ಒಂದು ರೈಲು ಬರ್ತಾ ಇದೆ. ಇಲ್ಲಿಂದ ಸಣ್ಣಗೆ ಕಾಣ್ಸುತ್ತೆ” ಎಂದ.

ರೈಲು ಬಂದು ನಿಂತಿತು, ಮತ್ತೆ ಹೊರಟಿತು. ಅವನು ಗುಂಡಿ ಬಿಡಲಿಲ್ಲ.