ನಾಲ್ಕೂವರೆ ಮಹಡಿಯ ಅಜ್ಜಿ

ಆ ಹುಡುಗಿಯನ್ನು ಇಡೀ ಕಟ್ಟಡ ಮೂತಿ ಎಂದೇ ಕರೆಯುತ್ತಿತ್ತು. ಯಾರು ಏನು ಹೇಳಿದರೂ ಮೂತಿ ತಿರುಗಿಸುವುದು ಅವಳ ಹುಟ್ಟುಗುಣ. ನ್ಯಾಯವಾಗಿ ಹೇಳಬೇಕೆಂದರೆ, ಆ ಕಟ್ಟಡದಲ್ಲಿ ಮೂತಿ ತಿರುಗಿಸದೆ ನೋಡಬಹುದಾದವರೂ ಕಡಿಮೆಯೇ ಇದ್ದರು.

ಮೂತಿ ತಿರುಗಿಸಲೇಬೇಕಾದವರಲ್ಲಿ ಮೊದಲನೆಯವರು ನಿವಾಸಿಗಳ ಸಂಘದ ಅಧ್ಯಕ್ಷರು. ಮೆಟ್ಟಿಲ ಮೇಲೆ ಕೂರಬಾರದು, ಲಿಫ್ಟಿನಲ್ಲಿ ಹಾಡಬಾರದು, ಕಾರಿಡಾರಿನಲ್ಲಿ ಸೀನಬಾರದು ಎಂದು ಗೋಡೆಗೋಡೆಗೂ ಚೀಟಿ ಅಂಟಿಸಿ, ಕೆಳಗೆ ಚೀಟಿಗಿಂತ ದೊಡ್ಡದಾಗಿ ಸಹಿ ಹಾಕುತ್ತಿದ್ದರು. ಎರಡನೆಯವರು ಮೂರನೇ ಮಹಡಿಯ ನಿವೃತ್ತ ಮೇಷ್ಟ್ರು. ಅವರಿಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ. ಗೊತ್ತಿರುವ ವಿಷಯವೂ ಇರಲಿಲ್ಲ.

ಲಿಫ್ಟು ನಾಲ್ಕನೇ ಮಹಡಿ ದಾಟಿ ಐದನೆಯದು ಮುಟ್ಟುವ ಮೊದಲು ನಿಂತು, ಆಚೆಯಿಂದ ಯಾರೋ ಟಕ್‌ಟಕ್ ಎಂದು ಬಡಿಯಲು ಶುರುಮಾಡಿದಾಗ ಮೊದಲು ಬಾಯಿ ತೆರೆದವರು ಮೇಷ್ಟ್ರೇ.

"ಗಾಳಿ ಕಣಮ್ಮಾ. ಬಿಸಿಗಾಳಿ ಮೇಲಕ್ಕೆ ಹೋಗುತ್ತೆ."

"ಹೋಗೋವಾಗ ಬೆರಳು ಮಡಚಿ ಬಾಗಿಲು ತಟ್ಟುತ್ತಾ?" ಎಂದಳು ಮೂತಿ.

ಅಧ್ಯಕ್ಷರಿಗೆ ಗಾಳಿ ಬೇಕಿರಲಿಲ್ಲ, ತಪ್ಪು ಹೊರಿಸಲು ಒಬ್ಬರು ಬೇಕಿತ್ತು. ಲಿಫ್ಟು ರಿಪೇರಿ ಮಾಡುತ್ತಿದ್ದವಳು ಮೂತಿಯನ್ನು ಸಾಕಿದ್ದ ಚಿಕ್ಕಮ್ಮ. "ಕೆಲಸ ಬಾರದೋರ ಕೈಗೆ ಯಂತ್ರ ಕೊಟ್ರೆ ಇನ್ನೇನಾಗುತ್ತೆ? ನಾನೇ ಹೋಗಿ ಬರ್ತೀನಿ, ನೋಡ್ತಾ ಇರಿ. ಏನೂ ಇಲ್ಲ ಅಂತಾದ್ರೆ ಈಕೆ ನಾಳೆಯಿಂದ ಬರೋದು ಬೇಡ" ಎಂದು ಎಲ್ಲರನ್ನೂ ಕೆಳಗೆ ಸೇರಿಸಿ, ಮಧ್ಯಾಹ್ನ, ಅಂಗಿಗೆ ಇಸ್ತ್ರಿ ಹಾಕಿಕೊಂಡು ಬಂದು ಲಿಫ್ಟು ಹತ್ತಿದರು.

ಲಿಫ್ಟು ಮೇಲೆ ಹೋಯಿತು, ನಿಂತಿತು, ಕೆಳಗೆ ಬಂತು. ಬಾಗಿಲು ತೆರೆದರೆ ಒಳಗೆ ಒಂದು ಚಪ್ಪಲಿ. ಅಧ್ಯಕ್ಷರಿಲ್ಲ.

ಸೇರಿದ್ದವರಿಗೆಲ್ಲ ಒಮ್ಮೆಲೇ ಮನೆಯಲ್ಲಿ ತುರ್ತು ಕೆಲಸ ನೆನಪಾಯಿತು. ಮೇಷ್ಟ್ರು ವಯಸ್ಸಿಗೆ ಮೀರಿದ ವೇಗದಲ್ಲಿ ಮೆಟ್ಟಿಲು ಹತ್ತಿದರು. ಚಿಕ್ಕಮ್ಮ ತಾರಸಿಯ ಯಂತ್ರದ ಕೋಣೆಗೆ ಓಡುತ್ತಾ, "ನೀನು ಇದರೊಳಗೆ ಕಾಲಿಟ್ಟರೆ ನೋಡು!" ಎಂದು ಗದರಿಸಿದಳು.

ಅವಳು ಮರೆಯಾದ ಕೂಡಲೇ ಮೂತಿ ಕಾಲಿಟ್ಟಳು. ಅಧ್ಯಕ್ಷರ ಮೇಲೆ ಕರುಣೆ ಉಕ್ಕಿತೆಂದಲ್ಲ. ಆ ಮನುಷ್ಯ ಸಿಗದಿದ್ದರೆ ಅದನ್ನೂ ಚಿಕ್ಕಮ್ಮನ ತಲೆಗೇ ಕಟ್ಟುತ್ತಾರೆಂದು ಅವಳಿಗೆ ಗೊತ್ತಿತ್ತು.

ಲಿಫ್ಟು ನಡುವೆ ನಿಂತಿತು. ಬಾಗಿಲು ಸರಿದಾಗ ಎದುರಿಗೆ ಇಟ್ಟಿಗೆ ಗೋಡೆ. ನೋಡುತ್ತಿದ್ದಂತೆ ಇಟ್ಟಿಗೆಗಳು ಹಬೆಯ ಹಾಗೆ ಕರಗಿ, ತಗ್ಗು ಸೂರಿನ ಒಂದು ಕೋಣೆ ಕಾಣಿಸಿತು. ಮೂಲೆಯಲ್ಲಿ ಅಧ್ಯಕ್ಷರು ಒಂಟಿ ಚಪ್ಪಲಿಯಲ್ಲಿ, ಕೈಕಟ್ಟಿ ನೆಲದ ಮೇಲೆ ಕೂತಿದ್ದರು. ಕುರ್ಚಿಯಲ್ಲಿ ಒಬ್ಬ ಮುದುಕಿ. ಅವಳ ಮೈಯ ಆಚೆಗೆ ಕುರ್ಚಿಯ ಬೆನ್ನಿನ ಹೆಣಿಗೆ ಸ್ಪಷ್ಟವಾಗಿ ಕಾಣುತ್ತಿತ್ತು.

ಮೂತಿ ಬಗ್ಗಿ ಒಳಗೆ ಬಂದಳು.

ಮುದುಕಿ ಅವಳನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. "ಇವನನ್ನ ಕರ್ಕೊಂಡು ಹೋಗೋಕೆ ಬಂದ್ಯಾ? ಯಾತಕ್ಕೆ ಬೇಕು ಇದು?"

"ನನಗೇನೂ ಬೇಡ. ಚೀಟಿ ಅಂಟಿಸೋಕೆ ಬಿಟ್ರೆ ಯಾತಕ್ಕೂ ಬಾರದ ಪ್ರಾಣಿ."

ಮುದುಕಿ ಕಿಸಕ್ಕನೆ ನಕ್ಕಳು. "ಮೇಷ್ಟ್ರು?"

"ಬಾಯಿ ಇರೋ ಖಾಲಿ ಡಬ್ಬ."

"ಐದನೇ ಮಹಡಿಯವಳು?"

"ಕನ್ನಡಿ ಕಂಡ್ರೆ ಅದಕ್ಕೂ ನಮಸ್ಕಾರ ಮಾಡ್ತಾಳೆ."

ಮೂತಿಗೆ ಹುರುಪು ಬಂತು. ಜೀವಮಾನದಲ್ಲಿ ಮೊದಲ ಸಲ ಅವಳ ಮಾತನ್ನು ಹಿರಿಯರೊಬ್ಬರು ಇಷ್ಟು ಮೆಚ್ಚಿ ಕೇಳುತ್ತಿದ್ದರು. ಅಷ್ಟರಲ್ಲಿ ಅಧ್ಯಕ್ಷರು ಅಳುದನಿಯಲ್ಲಿ, "ಬಾಗಿಲು... ಬಾಗಿಲು ನೋಡು" ಎಂದರು.

ಅವಳು ತಿರುಗಿ ನೋಡಿದಳು. ತಾನು ಬಂದ ದಾರಿಯಲ್ಲಿ ಇಟ್ಟಿಗೆಗಳು ಸೊಂಟದ ಮಟ್ಟಕ್ಕೆ ಎದ್ದು ನಿಂತಿದ್ದವು. ಒಬ್ಬೊಬ್ಬರನ್ನು ಹೀಗಳೆದಾಗಲೂ ಮೂರು-ನಾಲ್ಕು ಸಾಲು ಏರಿತ್ತು.

"ಮುಂದುವರಿಸು ಮಗಳೇ" ಎಂದಳು ಮುದುಕಿ. "ನಾನೂ ಹೀಗೇ ಹೊತ್ತು ಕಳೀತೀನಿ. ನಿನ್ನಂಥವಳೊಬ್ಬಳು ಜೊತೆಗಿದ್ರೆ ಸಾಕು."

ಬಯ್ದರೆ ಗೋಡೆ ಏರುತ್ತದೆ ಎಂದಾದರೆ ಇಳಿಸಲು ಏನು ಮಾಡಬೇಕೆಂಬುದು ಮೂತಿಗೆ ಹೊಳೆಯಿತು. ಆದರೆ ಅಧ್ಯಕ್ಷರಲ್ಲಿ ಮೆಚ್ಚುವಂಥದ್ದನ್ನು ಎಲ್ಲಿಂದ ತರುವುದು?

"ಇವರು... ಚೆನ್ನಾಗಿ ಇಸ್ತ್ರಿ ಹಾಕ್ತಾರೆ" ಎಂದಳು. ಗೋಡೆ ಅಲುಗಲಿಲ್ಲ. "ತುಂಬಾ ಬುದ್ಧಿವಂತರು" ಎಂದಳು. ಸುಳ್ಳಿಗೆ ಇನ್ನೊಂದು ಸಾಲು ಏರಿತು.

ಅವಳು ಕಣ್ಣು ಮುಚ್ಚಿ ತಡಕಾಡಿದಳು. "ಒಂದ್ಸಲ ಕರೆಂಟು ಹೋದಾಗ ಎರಡನೇ ಮಹಡಿ ತಾತನ್ನ ಬೆನ್ನ ಮೇಲೆ ಹೊತ್ತುಕೊಂಡು ಬಂದ್ರು. ದಾರಿಯುದ್ದಕ್ಕೂ ಬೈಕೊಂಡೇ ಬಂದ್ರು. ಆದ್ರೆ ಮನೆಯೊಳಗೆ ಮಂಚದ ಮೇಲೆ ಮಲಗಿಸಿ, ಕಾಲು ಸರಿಮಾಡಿ, ಆಮೇಲೇ ಹೋದ್ರು. ನಾನು ನೋಡಿದ್ದೀನಿ."

ಇಟ್ಟಿಗೆಗಳು ಸರಸರನೆ ಕುಸಿದವು. ಅಧ್ಯಕ್ಷರು ಧನ್ಯವಾದದ ಒಂದಕ್ಷರವನ್ನೂ ಖರ್ಚು ಮಾಡದೆ, ತೆವಳಿಕೊಂಡು ಲಿಫ್ಟಿಗೆ ನುಗ್ಗಿದರು.

ಮೂತಿಯೂ ಓಡಬಹುದಿತ್ತು. ಮುದುಕಿಯ ಮುಖ ನೋಡಿ ನಿಂತಳು. "ನಿಮಗೇನಾಯ್ತು ಅಜ್ಜಿ?"

"ಇಲ್ಲೇ ಇದ್ದೆ, ಇಲ್ಲೇ ಸತ್ತೆ. ನನ್ನ ಸಾಮಾನು ಹೊರಗೆ ಸಾಗಿಸೋಕೆ ಈ ಕಟ್ಟಡದೋರಿಗೆ ಸೋಮಾರಿತನ. ಕುರ್ಚಿ, ಕನ್ನಡಕ, ಎಲ್ಲ ಒಳಗೇ ಬಿಟ್ಟು ಗೋಡೆ ಕಟ್ಟಿದ್ರು. ಬೀದಿ ಕಾಣ್ತಿದ್ದ ಕಿಟಕೀನೂ ಮುಚ್ಚಿದ್ರು." ಅವಳ ದನಿ ಕುಗ್ಗಿತು. "ಬಡಿದೆ. ಬಡಿದ್ರೆ ಗಾಳಿ ಅಂದ್ರು."

"ಕಿಟಕಿ ನಾನು ತೆಗೆಸ್ತೀನಿ" ಎಂದಳು ಮೂತಿ. ಇಷ್ಟು ನೆಟ್ಟಗಿನ ಮುಖದಲ್ಲಿ ಅವಳು ಯಾರಿಗೂ ಮಾತು ಕೊಟ್ಟಿರಲಿಲ್ಲ.

ಕೆಳಗೆ ಲಿಫ್ಟಿನ ಬಾಗಿಲು ತೆರೆಯುವಷ್ಟರಲ್ಲಿ ಅಧ್ಯಕ್ಷರು ಕೂದಲು ಬಾಚಿಕೊಂಡಾಗಿತ್ತು. "ಪಾಪ, ಹುಡುಗಿ ಸಿಕ್ಕಿಹಾಕ್ಕೊಂಡಿದ್ಲು. ಬಿಡಿಸ್ಕೊಂಡು ಬಂದೆ" ಎಂದರು. ಜನರ ಜೊತೆ ಮೆಲ್ಲಗೆ ಮತ್ತೆ ಇಳಿದು ಬಂದಿದ್ದ ಮೇಷ್ಟ್ರು ಚಪ್ಪಾಳೆ ತಟ್ಟಿ, ತಾವು ಇದನ್ನು ಮೊದಲೇ ಹೇಳಿದ್ದಾಗಿ ನೆನಪಿಸಿದರು.

ತಾರಸಿಯಿಂದ ಓಡಿಬಂದ ಚಿಕ್ಕಮ್ಮ ಮೂತಿಯ ಕಿವಿ ಹಿಂಡಿದಳು, ಆಮೇಲೆ ಬಿಗಿಯಾಗಿ ಅಪ್ಪಿಕೊಂಡಳು, ಆಮೇಲೆ ಪೂರ್ತಿ ಕಥೆ ಕೇಳಿ ಸುತ್ತಿಗೆ, ಉಳಿ ಎತ್ತಿಕೊಂಡಳು. ಅಧ್ಯಕ್ಷರು ಅನುಮತಿಯ ಮಾತೆತ್ತಿದರು. "ಹಾಗಾದ್ರೆ ಇನ್ನೊಂದ್ಸಲ ಮೇಲೆ ಹೋಗಿ ಅಜ್ಜೀನೇ ಕೇಳ್ಕೊಂಡು ಬನ್ನಿ" ಎಂದಳು ಮೂತಿ. ಅನುಮತಿ ತಕ್ಷಣ ಸಿಕ್ಕಿತು.

ಗೋಡೆ ಒಡೆದರು, ಮುಚ್ಚಿದ್ದ ಕಿಟಕಿ ತೆರೆದರು. ಧೂಳು ಹಿಡಿದ ಕುರ್ಚಿಯ ಮೇಲೆ ಸಂಜೆಯ ಬಿಸಿಲು ಬಿತ್ತು. ಮೂತಿ ಕನ್ನಡಕ ಒರೆಸಿ, ಬೀದಿಯ ಕಡೆ ಮುಖಮಾಡಿ ಕಿಟಕಿಯ ಕಟ್ಟೆಯ ಮೇಲಿಟ್ಟಳು. ಬಡಿತ ನಿಂತಿತು.

ಕೆಲವೇ ದಿನಗಳಲ್ಲಿ, ಕೋಣೆ ಸುಮ್ಮನೆ ಖಾಲಿ ಬಿದ್ದಿದೆಯೆಂದು ಅಧ್ಯಕ್ಷರು ಸಂಘದ ಮುರುಕು ಮೇಜು, ಹರಿದ ಚಾಪೆ, ಹಳೆಯ ಪೊರಕೆಗಳನ್ನೆಲ್ಲ ಅಲ್ಲಿ ತುಂಬಿಸಿದರು. ಮರುದಿನ ಬೆಳಿಗ್ಗೆ ಅವರು ಹೊರಗೆ ಹೋಗಲು ಬಾಗಿಲು ತಳ್ಳಿದರೆ ಅದು ತೆರೆಯಲೇ ಇಲ್ಲ. ಅಷ್ಟೂ ಸಾಮಾನು ಅವರ ಹೊಸ್ತಿಲ ಮುಂದೆ ಸೂರಿನವರೆಗೆ ಅಚ್ಚುಕಟ್ಟಾಗಿ ಪೇರಿಸಿಟ್ಟಿತ್ತು.

ಶಾಲೆಗೆ ಹೊರಟಿದ್ದ ಮೂತಿ ನಿಂತು, ಒಳಗಿನ ಕೂಗಾಟವನ್ನು ಸ್ವಲ್ಪ ಹೊತ್ತು ಕೇಳಿದಳು. ಆಮೇಲೆ ಚೀಲ ಕೆಳಗಿಟ್ಟು, ಒಂದೊಂದೇ ಪೊರಕೆ ತೆಗೆಯಲು ಶುರುಮಾಡಿದಳು, ಏನೂ ಅವಸರವಿಲ್ಲದೆ.